ಎದುರಾಳಿ ಎಷ್ಟು ಸಲ ಚೂರಿ ಹಾಕಿದರು ಎಂದು ಕೇಳುವವರಿಗೆ

ಈ ಸಲದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ. ಹಿಂದೆ ಎರಡು ಬಾರಿ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ, ಅದು ಸಾಲಲಿಲ್ಲ. ಹಾಗಾಗಿ ಇಂದು ಜಾಗದ ಬಹುಪಾಲು ಅದಕ್ಕೇ. ಆಟ ಡಿಪ್ಲೊಮಸಿ: ಏಳು ಜನ ಯುರೋಪಿನ ಏಳು ದೇಶಗಳಾಗಿ, ಕಾಗದ ಬರೆದು ಮೈತ್ರಿ ಮಾಡಿಕೊಂಡು, ಗುಟ್ಟಾಗಿ ಬರೆದ ಆದೇಶಗಳಿಂದ ಪಡೆ ನಡೆಸಿ ಭೂಪಟದ ಕೇಂದ್ರಗಳನ್ನು ಹಿಡಿಯುವ ಆಟ. ಚೂರಿ ಹಾಕುವುದು ಎಂದರೆ ಮಿತ್ರನಿಗೆ ಕೊಟ್ಟ ಮಾತು ಮುರಿದು ಅವನ ಮೇಲೇ ಬೀಳುವುದು. ಉಳಿದ ನಿಯಮ, ಭೂಪಟ, ಆದೇಶ ಬರೆಯುವ ಕ್ರಮ ನಿಮಗೆ ಗೊತ್ತಿದೆ ಎಂದೇ ಭಾವಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ: ಡಿಪ್ಲೊಮಸಿಯ ಏಳು ಜನರ ಆಟ ಮುಂದಿನ ವಾರ ಶುರು. ನನ್ನ ಪಾಲಿಗೆ ಆಸ್ಟ್ರಿಯಾ ಬಂದಿದೆ. ಇಟಲಿ ಆಡುವವರು ಹಿಂದಿನ 10 ಆಟಗಳಲ್ಲಿ 4 ಸಲ ಮಿತ್ರರ ಬೆನ್ನಿಗೆ ಚೂರಿ ಹಾಕಿದ್ದಾರೆ. ರಷ್ಯಾ ಆಡುವವರು 6 ಆಟ ಆಡಿದ್ದಾರೆ, ಒಮ್ಮೆಯೂ ಮಾತು ತಪ್ಪಿಲ್ಲ. ರಷ್ಯಾದ ಜೊತೆ ಸೇರಿ ಇಟಲಿಯನ್ನು ಮೊದಲೇ ಮುಗಿಸುವುದು ಜಾಣತನವಲ್ಲವೇ?

ಅಲ್ಲ. ನೀವು ಎಣಿಸಿದ್ದು ಅರ್ಧ ಲೆಕ್ಕ. ಮಾತು ತಪ್ಪಿದ್ದು ಎಷ್ಟು ಸಲ ಎಂದು ಎಣಿಸಿದಿರಿ. ತಪ್ಪಿದರೆ ಲಾಭವಿದೆ ಎನ್ನುವ ಸಂದರ್ಭ ಎಷ್ಟು ಸಲ ಬಂದಿತ್ತು ಎಂದು ಎಣಿಸಿದಿರಾ? ಇಟಲಿಯವರಿಗೆ ಅಂಥ ಅವಕಾಶ 30 ಸಲ ಬಂದು, 26 ಸಲ ಕೈ ತಡೆದು, 4 ಸಲ ಇರಿದಿದ್ದರೆ ಅವರು ಈ ಮೇಜಿನಲ್ಲೇ ಅತ್ಯಂತ ನಂಬಿಗಸ್ತರಿರಬಹುದು. ರಷ್ಯಾದವರಿಗೆ ಆರು ಆಟದಲ್ಲೂ ಅಂಥ ಗಳಿಗೆ ಬಂದೇ ಇರದಿದ್ದರೆ, ಅವರ ಶುದ್ಧ ದಾಖಲೆ ನಿಮಗೆ ಏನನ್ನೂ ಹೇಳುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಅಂದು ನಾನೂ ಆಸ್ಟ್ರಿಯಾ. ಎಂಟು ಆಟಗಳಲ್ಲಿ ಒಮ್ಮೆಯೂ ಮಾತು ಮುರಿಯದ ಒಬ್ಬರು ಇಟಲಿ. ಆ ದಾಖಲೆಯನ್ನು ನಂಬಿ, ವಸಂತದಲ್ಲಿ ಟ್ರೀಸ್ಟ್‌ನ ನೌಕಾಪಡೆಯನ್ನು ಅಲ್ಬೇನಿಯಾಕ್ಕೆ ಇಳಿಸಿ, ಬುಡಾಪೆಸ್ಟ್ ಪಡೆಯನ್ನು ಸರ್ಬಿಯಾಕ್ಕೆ ಕಳಿಸಿದೆ. ಟ್ರೀಸ್ಟ್, ಅಂದರೆ ನಾನು ಆಟ ಶುರು ಮಾಡಿದ ತವರು ಕೇಂದ್ರಗಳಲ್ಲೊಂದು, ಖಾಲಿ. ಆಟದ ಮೊದಲ ವರ್ಷವಾದ 1901ರ ಎರಡನೇ ಸರದಿಯಲ್ಲಿ, ಅಂದರೆ ಶರತ್ಕಾಲದ ಋತುವಿನಲ್ಲಿ, ಅವರು ವೆನಿಸ್‌ನಿಂದ ನೇರ ಒಳಗೆ ಬಂದರು. ಆಮೇಲೆ ಆ ಎಂಟೂ ಆಟಗಳ ಆದೇಶಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಪ್ರತಿ ಸಲವೂ ಅವರು ಇಂಗ್ಲೆಂಡ್ ಅಥವಾ ಟರ್ಕಿ, ಅಂದರೆ ಭೂಪಟದ ಮೂಲೆಯ ದೇಶ. ಪಕ್ಕದ ಮಿತ್ರ ತನ್ನ ತವರು ಕೇಂದ್ರವನ್ನು ಖಾಲಿ ಬಿಟ್ಟು ಹೋದ ಒಂದು ಋತುವೂ ಅವುಗಳಲ್ಲಿ ಇರಲಿಲ್ಲ. ನಾನು ನಿಷ್ಠೆ ಎಂದುಕೊಂಡದ್ದು ಬರೀ ದೂರವಾಗಿತ್ತು.

ಆದ್ದರಿಂದ ಹಳೆಯ ಆಟಗಳನ್ನು ತೆರೆದಾಗ ಮೊದಲು ನೋಡಬೇಕಾದ್ದು ಅವರು ಆಡಿದ ದೇಶ. ರಷ್ಯಾ 4 ಕೇಂದ್ರಗಳೊಂದಿಗೆ ಶುರು ಮಾಡುತ್ತದೆ, ಉಳಿದವರೆಲ್ಲ 3. ಅದು ಉತ್ತರದಲ್ಲಿ ಇಂಗ್ಲೆಂಡಿಗೂ ದಕ್ಷಿಣದಲ್ಲಿ ಟರ್ಕಿಗೂ ಒಟ್ಟಿಗೆ ಉತ್ತರ ಹೇಳಬೇಕು. ರಷ್ಯಾ ಆಡಿ ಕೊಟ್ಟ ಮಾತು ಉಳಿಸಿಕೊಂಡವರಿಗೂ ಟರ್ಕಿ ಆಡಿ ಉಳಿಸಿಕೊಂಡವರಿಗೂ ಒಂದೇ ಅಂಕ ಕೊಡಬೇಡಿ.

ಆಮೇಲೆ ಇರಿತದ ಹೊತ್ತು. ಎರಡನೇ ವರ್ಷದಲ್ಲಿ ಒಂದೇ ಒಂದು ಕೇಂದ್ರಕ್ಕಾಗಿ ಮಿತ್ರನನ್ನು ಕಳೆದುಕೊಳ್ಳುವವರು ಅಪಾಯಕಾರಿ, ಏಕೆಂದರೆ ಅವರಿಗೆ ಲೆಕ್ಕ ಬರುವುದಿಲ್ಲ. ಲೆಕ್ಕ ಬಾರದವರ ಮುಂದೆ ನಿಮ್ಮ ಯೋಜನೆ ಯಾವುದೂ ನಿಲ್ಲದು. ಗೆಲ್ಲಲು ಬೇಕಾದ್ದು 34ರಲ್ಲಿ 18 ಕೇಂದ್ರ. 14ರಲ್ಲಿದ್ದು ಒಂದೇ ಏಟಿಗೆ 18 ಮುಟ್ಟಲು ಇರಿಯುವವರು ಆಟವನ್ನು ಆಡಬೇಕಾದಂತೆ ಆಡುತ್ತಿದ್ದಾರೆ. ಅವರ ಜೊತೆ ಧೈರ್ಯವಾಗಿ ಮೈತ್ರಿ ಮಾಡಿ, 13ರ ಹತ್ತಿರ ಬರುವಾಗ ಗಡಿಗೆ ಪಡೆ ತನ್ನಿ. ಇಟಲಿಯವರ ಆ ನಾಲ್ಕು ಇರಿತ ಯಾವ ವರ್ಷದವು ಎಂದು ನೀವು ಬರೆದೇ ಇಲ್ಲ. ನನಗೆ ಬೇಕಿದ್ದ ಮಾಹಿತಿ ಅದೊಂದೇ.

ಇನ್ನೊಂದು, ಹೆಚ್ಚಿನವರು ತಿರುಗಿಯೂ ನೋಡದ ವಿಷಯ: ಸೋಲುವಾಗ ಅವರು ಏನು ಮಾಡುತ್ತಾರೆ? ಎರಡು ಕೇಂದ್ರಕ್ಕೆ ಇಳಿದ ಮೇಲೂ ಕಾಗದ ಬರೆಯುತ್ತಾ, ಇಬ್ಬರು ದೊಡ್ಡವರ ನಡುವೆ ಬೇಕಾದವರಾಗಿ ಉಳಿಯುವವರಿದ್ದಾರೆ. ತನ್ನನ್ನು ಕೆಡವಿದವನ ಮೇಲಿನ ಸಿಟ್ಟಿಗೆ ಉಳಿದ ಕೇಂದ್ರಗಳನ್ನೆಲ್ಲ ಮೂರನೆಯವನಿಗೆ ಒಪ್ಪಿಸುವವರಿದ್ದಾರೆ. ಆದೇಶವನ್ನೇ ಕಳಿಸದೆ ಮಾಯವಾಗುವವರೂ ಇದ್ದಾರೆ. ನನ್ನ ಅನುಭವದಲ್ಲಿ ಆಟ ಹಾಳಾಗುವುದು ಚೂರಿಯಿಂದಲ್ಲ, ಈ ಮಾಯವಾಗುವವರಿಂದ. ನಿಮ್ಮ ಮಿತ್ರ ಒಂದು ಋತುವಿನ ಗಡುವು ತಪ್ಪಿಸಿದರೆ ಅವರ ಪಡೆಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ, ನೀವು ನೆಚ್ಚಿದ್ದ ಬೆಂಬಲ ಬರುವುದೇ ಇಲ್ಲ. ಆದ್ದರಿಂದ ಎದುರಾಳಿಯ ದಾಖಲೆಯಲ್ಲಿ ನಾನು ಹುಡುಕುವ ಮೊದಲ ಅಂಕಿ ತಪ್ಪಿದ ಗಡುವುಗಳದ್ದು. ಎರಡು ಕಂಡರೆ ಅವರ ಬೆಂಬಲದ ಮೇಲೆ ನಿಂತ ನಡೆಯನ್ನು ನಾನು ಬರೆಯುವುದಿಲ್ಲ. ಇದು ಅತಿ ಎಚ್ಚರಿಕೆ ಎಂದು ಜೊತೆಯವರು ಹೇಳುತ್ತಾರೆ. ಹೇಳಲಿ.

ಎಷ್ಟು ಆಟ ಓದಬೇಕು ಎಂದರೆ, ಮೂರು: ಗೆದ್ದದ್ದೊಂದು, ಬೇಗ ಸೋತದ್ದೊಂದು, ನಡುವೆ ಎಲ್ಲೋ ಡ್ರಾ ಆದದ್ದೊಂದು. ಆದರೆ ಋತು ಋತುವಾಗಿ, ಪ್ರತಿ ಆದೇಶವನ್ನೂ ಓದಿ. ಮೂವತ್ತು ಆಟಗಳ ಫಲಿತಾಂಶದ ಪಟ್ಟಿಗಿಂತ ಅದು ಮೇಲು.

ಈಗ ನಿಮ್ಮ ಆಸ್ಟ್ರಿಯಾಕ್ಕೆ ಬರೋಣ. ಶುದ್ಧ ದಾಖಲೆಯ ರಷ್ಯಾವನ್ನು ನಂಬಿ ಪಶ್ಚಿಮಕ್ಕೆ ತಿರುಗಿದಿರಿ ಎಂದುಕೊಳ್ಳಿ. ನಿಮ್ಮ ಬೆನ್ನು ರಷ್ಯಾಕ್ಕೂ ನಿಮಗೂ ನಡುವಿನ ಗಲೀಷಿಯ ಪ್ರಾಂತ್ಯದ ಕಡೆ. ರಷ್ಯಾದ ವಾರ್ಸಾದಿಂದ ಗಲೀಷಿಯಕ್ಕೆ ಒಂದೇ ನಡೆ, ಅಲ್ಲಿಂದ ವಿಯೆನ್ನಾಕ್ಕೂ ಬುಡಾಪೆಸ್ಟ್‌ಗೂ ಒಂದೇ ನಡೆ. ಆರು ಆಟ ಸಾಧುವಾಗಿದ್ದ ಮನುಷ್ಯನ ಎದುರಿಗೆ ಎರಡು ತವರು ಕೇಂದ್ರಗಳನ್ನು ತೆರೆದಿಟ್ಟು ಸ್ವಭಾವ ಪರೀಕ್ಷೆ ಮಾಡುತ್ತಿದ್ದೀರಿ. ಇಟಲಿಯ ವಿಷಯ ಬೇರೆ. ಆಸ್ಟ್ರಿಯಾ ಬೇಗ ಬಿದ್ದರೆ ರಷ್ಯಾ, ಟರ್ಕಿ ದೊಡ್ಡದಾಗಿ ಮುಂದೆ ಬಂದು ನಿಲ್ಲುವುದು ಇಟಲಿಯ ಬಾಗಿಲಿಗೇ. ಲೆಕ್ಕ ಬಲ್ಲ ಇಟಲಿಗೆ ಆರಂಭದಲ್ಲಿ ನೀವು ಬದುಕಿರುವುದೇ ಬೇಕು. ಆಸ್ಟ್ರಿಯಾ–ಇಟಲಿ ಕೂಡಿ ಟರ್ಕಿಯ ಮೇಲೆ ಹೋಗುವ ಲೆಪಾಂಟೊ ಆರಂಭ ಇಷ್ಟು ಕಾಲ ಉಳಿದುಬಂದಿರುವುದು ಅದಕ್ಕೇ. ಎದುರಾಳಿಯ ಗುಣದ ಪ್ರಶ್ನೆ ಬರುವುದು ಇದಾದ ಮೇಲೆ: ಅವರಿಗೆ ಈ ಲೆಕ್ಕ ಬರುತ್ತದೋ ಇಲ್ಲವೋ? ಮೊದಲ ಕಾಗದದಲ್ಲೇ ತಿಳಿಯುತ್ತದೆ. ‘ನಾವು ಕೊನೆತನಕ ಸ್ನೇಹಿತರು’ ಎಂದಷ್ಟೇ ಬರೆದವರಿಗೆ ಇನ್ನೊಂದು ಪ್ರಶ್ನೆ ಕೇಳಿ. ‘ನಮ್ಮ ನಡುವಿನ ಟೈರೋಲಿಯಾ ಇಬ್ಬರಿಗೂ ಬೇಡ, ಆದರೆ ಜರ್ಮನಿ ಮ್ಯೂನಿಕ್‌ನಿಂದ ಇಳಿದರೆ ಏನು ಮಾಡೋಣ?’ ಎಂದು ಕೇಳಿದವರ ಜೊತೆ ಆಡಬಹುದು.

ಇನ್ನು ಮಾತಿನ ಧಾಟಿಯಿಂದಲೇ ಸುಳ್ಳು ಹಿಡಿಯುತ್ತೇವೆ, ಒಂದು ವಾರದಲ್ಲಿ ಕಲಿಸುತ್ತೇವೆ ಎಂದು ಹಣ ಕೇಳುವವರು. ಅವರ ಹತ್ತಿರ ಹೋಗಬೇಡಿ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಜನ ಸುಳ್ಳು–ನಿಜ ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ 54ರಷ್ಟು ಸಲ. ನಾಣ್ಯ ಚಿಮ್ಮಿದರೆ ಶೇ 50. ಡಿಪ್ಲೊಮಸಿಯ ಕಾಗದಗಳನ್ನೇ ಇಟ್ಟುಕೊಂಡು 2015ರಲ್ಲಿ ವ್ಲಾಡ್ ನಿಕುಲೆ ಮತ್ತು ಸಂಗಡಿಗರು ಮಾಡಿದ ಅಧ್ಯಯನವೂ ಇದೆ. ದ್ರೋಹಕ್ಕೆ ಮುನ್ನ ಇಬ್ಬರ ನಡುವಿನ ವಿನಯ, ಮೆಚ್ಚುಗೆ, ಮುಂದಿನ ಯೋಜನೆಯ ಮಾತು ಇವುಗಳ ಸಮತೋಲ ತಟ್ಟನೆ ಬದಲಾಗುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ಸುಳಿವು ಸಿಗುವುದು ಆ ಜೋಡಿಯ ಮಾತುಕತೆ ಹಿಂದೆ ಹೇಗಿತ್ತು, ಈಗ ಹೇಗಾಯಿತು ಎನ್ನುವ ಬದಲಾವಣೆಯಲ್ಲಿ. ಆಟ ಶುರುವಾಗುವ ಮೊದಲು ನಿಮ್ಮ ಕೈಯಲ್ಲಿ ಆ ‘ಹಿಂದೆ’ ಇರುವುದೇ ಇಲ್ಲ.

‘ಸ್ವಭಾವತಃ ದ್ರೋಹಿ’ ಎಂಬ ಮಾತನ್ನು ಇನ್ನೂ ಬಿಡದವರಿಗೆ ಸಿಸೆರೊದ ಕಥೆ ಹೇಳುತ್ತೇನೆ. ಮೆಟಾ ಕಂಪನಿ 2022ರಲ್ಲಿ ತೋರಿಸಿದ, ಡಿಪ್ಲೊಮಸಿ ಆಡುವ ಈ ಎಐ ಯಂತ್ರ 40 ಆಟ ಆಡಿ, ಒಂದಕ್ಕಿಂತ ಹೆಚ್ಚು ಆಟ ಆಡಿದವರ ಪೈಕಿ ಮೇಲಿನ ಶೇ 10ರೊಳಗೆ ಬಂತು. ಬಹುಮಟ್ಟಿಗೆ ಪ್ರಾಮಾಣಿಕವಾಗಿ ಮಾತಾಡುವಂತೆ ಅದನ್ನು ಕಟ್ಟಿದ್ದೇವೆ ಎಂದು ಕಟ್ಟಿದವರೇ ಹೇಳಿದ್ದರು. ಆದರೂ ಅದು ಮಿತ್ರರಿಗೆ ಕೊಟ್ಟ ಮಾತು ಮುರಿದ ಪ್ರಸಂಗಗಳನ್ನು ಬೇರೆ ಸಂಶೋಧಕರು ಆಮೇಲೆ ಎತ್ತಿ ತೋರಿಸಿದರು. ಅದಕ್ಕೆ ಸೇಡಿಲ್ಲ, ದುರಾಸೆಯಿಲ್ಲ. ಪ್ರತಿ ಋತುವಿನಲ್ಲೂ ಭೂಪಟವನ್ನು ಹೊಸದಾಗಿ ನೋಡುತ್ತಿತ್ತು, ಅಷ್ಟೇ. ನಿಮ್ಮ ಇಟಲಿಯೂ ಅದನ್ನೇ ಮಾಡುತ್ತಾರೆ.

ಪ್ರಶ್ನೆ: ಒಬ್ಬ ಎದುರಾಳಿ 8 ಆಟಗಳಲ್ಲಿ 2 ಗೆದ್ದಿದ್ದಾರೆ. ಪರಿಣತರೆಂದು ಭಾವಿಸಬೇಕೇ?

ಈಗಲೇ ಬೇಡ. ಪ್ರತಿ ಆಟದಲ್ಲೂ ಒಬ್ಬರು ಗೆದ್ದೇ ಗೆಲ್ಲುತ್ತಾರೆ, ಏಳೂ ಜನ ಸಮಬಲರು ಎಂದಿಟ್ಟುಕೊಂಡರೂ, ಯಾವುದೇ ಒಬ್ಬರು 8ರಲ್ಲಿ 2 ಅಥವಾ ಹೆಚ್ಚು ಗೆಲ್ಲುವ ಸಂಭವ ಸುಮಾರು ಶೇ 32. ಮೂವರಲ್ಲಿ ಒಬ್ಬರಿಗೆ ಅದೃಷ್ಟದಿಂದಲೇ ಬರುವ ಸಾಧನೆ ಅದು. 40 ಆಟಗಳಲ್ಲಿ 10 ಗೆದ್ದವರು ಎದುರಾದರೆ ಆಗ ಬರೆಯಿರಿ.

ಪ್ರಶ್ನೆ: ಎಲೊ ರೇಟಿಂಗ್‌ನಲ್ಲಿ ನನಗಿಂತ 200 ಅಂಕ ಮೇಲಿರುವವರನ್ನು ಎಲ್ಲರೂ ಸೇರಿ ಮೊದಲು ಕೆಡವಬೇಕಲ್ಲವೇ?

ಆಟಗಾರರ ಬಲವನ್ನು ಅಂಕಿಯಲ್ಲಿ ಅಳೆಯುವ ಎಲೊ ಹುಟ್ಟಿದ್ದು ಇಬ್ಬರು ಆಡುವ ಚೆಸ್‌ಗಾಗಿ. ಅಲ್ಲಿ 200 ಅಂಕದ ಅಂತರ ಎಂದರೆ ಮೇಲಿನವರು 100 ಆಟಗಳಲ್ಲಿ ಸುಮಾರು 76 ಪಾಯಿಂಟ್ ಗಳಿಸುವ ನಿರೀಕ್ಷೆ. ಏಳು ಜನ ಕೂತ ಮೇಜಿಗೆ ಆ ಅರ್ಥ ಹಾಗೆಯೇ ದಾಟಿ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಟ್ರೂಸ್ಕಿಲ್ ಎಂಬ ರೇಟಿಂಗ್ ಹಲವರು ಆಡುವ ಆಟಗಳಿಗೆಂದೇ ಆದದ್ದು. ಅದು ಸಾಮರ್ಥ್ಯದ ಅಂದಾಜಿನ ಜೊತೆಗೆ ಆ ಅಂದಾಜು ಎಷ್ಟು ಅನಿಶ್ಚಿತ ಎಂಬುದನ್ನೂ ಇಟ್ಟುಕೊಳ್ಳುತ್ತದೆ. ರೇಟಿಂಗ್ ನೋಡುವುದಾದರೆ ಆ ಅನಿಶ್ಚಿತತೆಯನ್ನೂ ನೋಡಿ. ಎಲ್ಲರೂ ಸೇರಿ ಕೆಡವುವ ವಿಚಾರ ನಿಮ್ಮ ಎಡಬಲದ ಇಬ್ಬರಿಗೆ ಲಾಭ, ನಿಮಗಲ್ಲ.

ಪ್ರಶ್ನೆ: ವ್ಯಕ್ತಿತ್ವ ಪರೀಕ್ಷೆಯ ಆ್ಯಪ್‌ನಲ್ಲಿ ಎದುರಾಳಿಯ ‘ಬಗೆ’ ತಿಳಿದುಕೊಂಡರೆ?

ಸಮಯ ವ್ಯರ್ಥ.

ಪ್ರಶ್ನೆ: ಅವರ ಸಾಮಾಜಿಕ ಜಾಲತಾಣದ ಖಾತೆ ಹುಡುಕಿ ಓದಬಹುದೇ?

ಕೂಡದು. ಆಟದ ದಾಖಲೆ ಎಲ್ಲರಿಗೂ ತೆರೆದದ್ದು, ಮನೆಯ ವಿಷಯ ಹಾಗಲ್ಲ. ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ಏಳು ಜನರಲ್ಲಿ ಇಬ್ಬರು ಹಳೆಯ ಗೆಳೆಯರು, ಪ್ರತಿ ಆಟದಲ್ಲೂ ಒಟ್ಟಿಗೇ ಇರುತ್ತಾರೆ. ಏನು ಮಾಡಲಿ?

ಇಡೀ ಗಂಟಿನಲ್ಲಿ ನಿಜವಾಗಿ ಚಿಂತಿಸಬೇಕಾದ ಪ್ರಶ್ನೆ ಇದೊಂದೇ, ಇದನ್ನು ಕೇಳಿದ್ದೂ ಒಬ್ಬರೇ. ಆಟದ ಹೊರಗಿನ ಕಾರಣಕ್ಕೆ ಹುಟ್ಟುವ ಮೈತ್ರಿಯನ್ನು ಆಟದೊಳಗಿನ ಯಾವ ಮಾತೂ ಒಡೆಯಲಾರದು. ಅವರಿಬ್ಬರೂ ಕೂಡಿ ಆಡಿದ ಹಿಂದಿನ ಆಟಗಳನ್ನು ತೆಗೆದು, ಒಬ್ಬರ ಕೇಂದ್ರ ಇನ್ನೊಬ್ಬರ ಮುಂದೆ ಖಾಲಿ ಬಿದ್ದಿದ್ದ ಋತುಗಳನ್ನು ಪಟ್ಟಿ ಮಾಡಿ. ಒಮ್ಮೆಯೂ ಯಾರೂ ಕಾಲಿಟ್ಟಿಲ್ಲ ಎಂದಾದರೆ ಪಟ್ಟಿಯನ್ನು ನಿರ್ವಾಹಕರಿಗೆ ಕಳಿಸಿ, ಆಟ ಶುರುವಾಗುವ ಮೊದಲೇ ಒಬ್ಬರನ್ನು ಬೇರೆ ಮೇಜಿಗೆ ಹಾಕಿ ಎಂದು ಕೇಳಿ. ನಿರ್ವಾಹಕರು ಒಪ್ಪದಿದ್ದರೆ ಆ ಆಟಕ್ಕೆ ಕೂರಬೇಡಿ. ನಾನು ಕೂರುವುದಿಲ್ಲ.