ಡಿಸೆಂಬರ್‌ನಲ್ಲಿ ಲೇಕ್ ಕ್ರೆಸೆಂಟ್ ಪಕ್ಕದ ಕಾಡಿನಲ್ಲಿ ಗುಂಪಿನ ಜೊತೆ ಹೈಕ್ ಹೋಗಬಹುದೇ?

ಸಿಯಾಟಲ್‌ಗೆ ಈಚೆಗೆ ಬಂದಿದ್ದೀರಿ. ಕನ್ನಡದ ಗೆಳೆಯರ ಗುಂಪೊಂದು ಡಿಸೆಂಬರ್‌ನಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕಿನಲ್ಲಿರುವ ಲೇಕ್ ಕ್ರೆಸೆಂಟ್ ಸರೋವರದ ದಂಡೆಯಲ್ಲಿ ನಡೆಯಲು ಹೊರಟಿದೆ. ಊರಿಂದ ಬಂದಿರುವ ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ. 'ನಾವು ತೀರ್ಥಹಳ್ಳಿಯವರು, ಮಳೆ ನಮಗೆ ಹೊಸದಲ್ಲ, ಆದರೂ ಹೋಗಬಹುದಾ?' ಎಂದು ಕೇಳಿದ್ದೀರಿ.

ಖಂಡಿತ ಹೋಗಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಆದರೆ ಮಳೆ ಹೊಸದಲ್ಲ ಅನ್ನುವ ಧೈರ್ಯವನ್ನು ಸ್ವಲ್ಪ ಪಕ್ಕಕ್ಕಿಡಿ. ನಾನೂ ಮಲೆನಾಡಿನವನೇ, ಅದಕ್ಕೇ ಹೇಳುತ್ತಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಇಲ್ಲಿನ ಒಲಿಂಪಿಕ್ ಪರ್ವತಗಳ ಪಶ್ಚಿಮಕ್ಕಿರುವ ಹೋ ಕಾಡಿನಲ್ಲಿ ಬೀಳುವುದು ಹೆಚ್ಚುಕಮ್ಮಿ ಅದರ ಅರ್ಧ. ವ್ಯತ್ಯಾಸ ಇರುವುದು ಕಾಲದಲ್ಲಿ. ನಮ್ಮಲ್ಲಿ ಚಳಿ ಶುರುವಾಗುವ ಹೊತ್ತಿಗೆ ಮಳೆ ಹೊಳವಾಗಿರುತ್ತದೆ. ಇಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಡಿಸೆಂಬರ್ ಮಧ್ಯಾಹ್ನ ನಾಲ್ಕೈದು ಡಿಗ್ರಿ, ಮೇಲಿಂದ ಜಿಟಿಜಿಟಿ ಮಳೆ ಅಂದರೆ ಮಾಮೂಲು ದಿನ. ಊರಲ್ಲಿ ನೆನೆದು ಬಂದರೆ ಬಚ್ಚಲೊಲೆ ಮುಂದೆ ಕೂತರಾಯಿತು. ಇಲ್ಲಿ ಒಳಗಿನ ಬಟ್ಟೆ ನೆನೆದರೆ ಮೈಯ ಕಾವೇ ಇಳಿಯತೊಡಗುತ್ತದೆ. ಹಿಮ ಬೀಳದ ದಿನವೂ ಹೈಪೋಥರ್ಮಿಯಾ ಆಗುವುದು ಹೀಗೆ.

ಆದ್ದರಿಂದ ಚಳಿಗಿಂತ ಒದ್ದೆಯ ಬಗ್ಗೆ ಜಾಸ್ತಿ ಯೋಚಿಸಿ. ಜೀನ್ಸ್ ಬೇಡ. ಅಮ್ಮನ ಕಾಟನ್ ಚೂಡಿದಾರ್ ಬೇಡವೇ ಬೇಡ. ಹತ್ತಿ ನೀರು ಹೀರಿಕೊಂಡು ಮೈಗೆ ಅಂಟಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಒಳಗೆ ಉಣ್ಣೆಯದೋ ಪಾಲಿಯೆಸ್ಟರ್‌ನದೋ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ನೀರು ಒಳಗೆ ಬಿಡದ ಜಾಕೆಟ್. ಹೊಸಬರು ಚಳಿಗೆ ಹೆದರಿ ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡು ನಡೆಯುತ್ತಾರೆ, ಹತ್ತು ನಿಮಿಷದಲ್ಲಿ ಬೆವರಿಗೇ ಒದ್ದೆಯಾಗುತ್ತಾರೆ. ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ ಇರಲಿ. ನಿಂತ ಕೂಡಲೇ ಇನ್ನೊಂದು ಪದರ ಹಾಕಿಕೊಳ್ಳಿ. ಬ್ಯಾಗಿನಲ್ಲಿ ಒಣ ಕಾಲುಚೀಲ, ಕೈಗವಸು ಇನ್ನೊಂದು ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.

ಸಿಯಾಟಲ್‌ನಿಂದ ಹೋಗುವಾಗ ದಾರಿಯಲ್ಲಿ ಸೀಕ್ವಿಮ್ ಎಂಬ ಊರು ಸಿಗುತ್ತದೆ. ಒಲಿಂಪಿಕ್ ಬೆಟ್ಟಗಳು ಮಳೆಮೋಡವನ್ನು ತಡೆಯುವುದರಿಂದ ಅಲ್ಲಿ ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಅಷ್ಟೇ ಮಳೆ. ಅಲ್ಲಿ ಬಿಸಿಲು ಕಂಡಿತೆಂದು ಖುಷಿಪಟ್ಟು ಜಾಕೆಟ್ ಕಾರಿನಲ್ಲೇ ಬಿಡಬೇಡಿ. ಅಲ್ಲಿಂದ ಇನ್ನೊಂದು ಗಂಟೆಯೊಳಗೆ ಸರೋವರ, ಅಲ್ಲಿ ಕಥೆಯೇ ಬೇರೆ ಇರಬಹುದು.

ಗುಂಪಿನವರು ಯಾವ ದಾರಿ ಆರಿಸಿದ್ದಾರೆ ಅಂತ ನೀವು ಬರೆದಿಲ್ಲ. ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಉತ್ತರ ದಂಡೆಯ ಸ್ಪ್ರೂಸ್ ರೈಲ್‌ರೋಡ್ ಟ್ರೇಲ್ ಅಂತ ಹೇಳಿ. ಇದು ನನಗೆ ತುಂಬಾ ಇಷ್ಟವಾದ ದಾರಿ. ಮೊದಲ ಮಹಾಯುದ್ಧದ ವಿಮಾನಗಳಿಗೆ ಸಿಟ್ಕಾ ಸ್ಪ್ರೂಸ್ ಮರ ಬೇಕಿತ್ತು. ಅದನ್ನು ಸಾಗಿಸಲು ಅಮೆರಿಕದ ಸೈನ್ಯ 1918ರಲ್ಲಿ ಹಾಕಿದ ರೈಲು ದಾರಿ ಇದು. ಹಳಿ ಹಾಕಿ ಮುಗಿಸುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ರೈಲಿಗೆಂದು ಮಾಡಿದ್ದರಿಂದ ಏರಿಳಿತ ಕಡಿಮೆ, ಈಗ ಟಾರು ಕೂಡ ಹಾಕಿದ್ದಾರೆ. ಬೇರು, ಕೆಸರು, ಜಾರುವ ಕಲ್ಲುಗಳ ಕಾಟ ಅಮ್ಮನಿಗೆ ಇರುವುದಿಲ್ಲ. ಒಂದು ಕಡೆ ಪಾಚಿ ಹೊದ್ದ ಮರಗಳು, ಸೊಂಟದೆತ್ತರದ ಜರೀಗಿಡ. ಇನ್ನೊಂದು ಕಡೆ ನೀರು, 190 ಮೀಟರ್ ಆಳದ್ದು. ನೀರಿನಲ್ಲಿ ಸಾರಜನಕ ತೀರಾ ಕಡಿಮೆ ಇರುವುದರಿಂದ ಅದರೊಳಗೆ ಪಾಚಿ ಅಷ್ಟಾಗಿ ಬೆಳೆಯುವುದಿಲ್ಲ. ಮೋಡದ ದಿನವೂ ದಂಡೆಯ ತಳ ಕಾಣುತ್ತದೆ. ಅಮ್ಮ ಕೇಳಿಯೇ ಕೇಳುತ್ತಾರೆ, ಮೊದಲೇ ಹೇಳಿಬಿಡಿ: ಈ ಕಾಡಿನಲ್ಲಿ ನಮ್ಮ ಹಾಗೆ ಕಾಲಿಗೆ ಹತ್ತುವ ಇಂಬಳದ ಕಾಟ ಇಲ್ಲ.

ಗುಂಪಿನ ವಿಷಯ ಇನ್ನೂ ಮುಖ್ಯ. ಸಾಮಾನ್ಯವಾಗಿ ಆಗುವುದು ಹೀಗೆ: ಮುಂದೆ ಹೋದವರು ನಿಂತು ಕಾಯುತ್ತಾರೆ, ಹಿಂದಿನವರು ಬಂದು ಮುಟ್ಟಿದ ಕೂಡಲೇ ಮತ್ತೆ ಹೊರಡುತ್ತಾರೆ. ಕಾದವರಿಗೆ ಚಳಿ, ಬಂದವರಿಗೆ ವಿಶ್ರಾಂತಿಯೇ ಇಲ್ಲ. ನಿಧಾನ ನಡೆಯುವವರನ್ನೇ ಮುಂದೆ ಬಿಡಿ, ದಾರಿ ಗೊತ್ತಿರುವ ಒಬ್ಬರು ಕೊನೆಯಲ್ಲಿ ಬರಲಿ. ಗುಂಪು ಚದುರಬಾರದು. ಅಲ್ಲಿ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಯಾರಾದರೂ ತೊದಲುತ್ತಿದ್ದರೆ, ಎಡವುತ್ತಿದ್ದರೆ, ಜಿಪ್ ಹಾಕಲು ಬೆರಳು ಬಗ್ಗುತ್ತಿಲ್ಲದಿದ್ದರೆ ಸುಮ್ನೆ ಸುಸ್ತು ಅಂದುಕೊಳ್ಳಬೇಡಿ. ತಕ್ಷಣ ಒಣಬಟ್ಟೆ ಹಾಕಿಸಿ, ಸಿಹಿಯಾದ ಬಿಸಿ ಏನಾದರೂ ಕುಡಿಸಿ, ವಾಪಸ್ ತಿರುಗಿ. ನಡುಕ ತಾನಾಗಿ ನಿಂತು ಆ ವ್ಯಕ್ತಿ ಮಂಕಾದರೆ ಅದು ಚೇತರಿಕೆ ಅಲ್ಲ, ತುರ್ತು ಸ್ಥಿತಿ.

ಊಟಕ್ಕೆ ಚಿತ್ರಾನ್ನ, ಮೊಸರನ್ನ ಬೇಡ. ಆ ಚಳಿಗೆ ಅನ್ನ ಬಿರುಸಾಗುತ್ತದೆ, ತಿನ್ನಲು ಕೂರಬೇಕಾಗುತ್ತದೆ, ಕೂತರೆ ಮೈ ತಣ್ಣಗಾಗುತ್ತದೆ. ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ ನಿಂತೇ ತಿನ್ನಬಹುದು. ಜೊತೆಗೆ ಚಿಕ್ಕಿ, ಕೋಡುಬಳೆ. ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಒಯ್ಯಿರಿ. ಅದರ ಮುಂದೆ ಕಾಫಿಯೂ ಸಪ್ಪೆ.

ಡಿಸೆಂಬರ್‌ನಲ್ಲಿ ನಾಲ್ಕೂ ಕಾಲು, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಸಿಯಾಟಲ್‌ನಿಂದ ಆಚೆ ದಡಕ್ಕೆ ಕಾರು ಸಮೇತ ದಾಟಿಸುವ ಬೆಳಗಿನ ಫೆರಿಯನ್ನೇ ಹಿಡಿಯಿರಿ, ಎಲ್ಲರ ಬಳಿಯೂ ಹೆಡ್‌ಲ್ಯಾಂಪ್ ಇರಲಿ. ಗಾಳಿಯ ಎಚ್ಚರಿಕೆ ಇದ್ದರೆ ಹೋಗುವುದೇ ಬೇಡ. ನೆನೆದ ಮಣ್ಣಿನಲ್ಲಿ ದೊಡ್ಡ ಮರಗಳು ಬುಡಸಮೇತ ಬೀಳುತ್ತವೆ, ದಾರಿಯಲ್ಲಿ ದಾಟಬೇಕಾದ ಹುಡ್ ಕೆನಾಲ್ ಸೇತುವೆಯನ್ನೂ ಜೋರು ಗಾಳಿಗೆ ಮುಚ್ಚುತ್ತಾರೆ.

ಅಮ್ಮ ಪೂರ್ತಿ ದಾರಿ ನಡೆಯಲೇಬೇಕಿಲ್ಲ. ಪೂರ್ವದ ತುದಿಯಿಂದ ಹೊರಟರೆ ಸುಮಾರು ಒಂದು ಮೈಲಿಗೆ ಹಳೆಯ ರೈಲು ಸುರಂಗ, ಅದರ ಪಕ್ಕದಲ್ಲೇ ಡೆವಿಲ್ಸ್ ಪಂಚ್‌ಬೌಲ್ ಎಂಬ ಸರೋವರದ ಪುಟ್ಟ ಕೊಲ್ಲಿಯ ಮೇಲಿನ ಸಣ್ಣ ಸೇತುವೆ. ಅಲ್ಲಿಯವರೆಗೆ ಹೋಗಿ ತಿರುಗಿದರೂ ಸರೋವರದ ಒಳ್ಳೆಯ ಭಾಗ ನೋಡಿದಂತೆಯೇ. ಯಾರು ಅಲ್ಲಿಂದ ಅಮ್ಮನ ಜೊತೆ ವಾಪಸ್ ಬರುತ್ತೀರಿ, ಯಾವ ಕಾರಿನ ಕೀಲಿ ಅವರ ಬಳಿ ಇರುತ್ತದೆ ಅನ್ನುವುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ.