ವ್ಯಾಗನ್ ಮೇಲೆ ಬಣ್ಣ ಹನಿಗಟ್ಟುತ್ತಿದ್ದರೆ

ಓಡಿ ಕೊಳೆಯಾದಂತೆ ಕಾಣಲೆಂದು ಹಚ್ಚಿದ ತೆಳು ಕಪ್ಪು ಬಣ್ಣ ಮಾದರಿ ರೈಲಿನ ವ್ಯಾಗನ್ ಮೇಲೆ ಹನಿಹನಿಯಾಗಿ ನಿಂತು, ಒಣಗಿದ ಮೇಲೆ ಕಲೆಯಾಗುತ್ತದೆ ಎಂದಿದ್ದೀರಿ. ತಪ್ಪು ಬಣ್ಣದ್ದಲ್ಲ, ಹೊಳೆಯುವ ಪ್ಲಾಸ್ಟಿಕ್‌ನದು. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಮೊದಲು ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸಿಂಪಡಿಸಿ. ಅದು ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಬಣ್ಣವನ್ನು ನೀರಾಗಿಸಿ, ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಬೆರೆಸಿ ಹಚ್ಚಿ, ಸಲೀಸಾಗಿ ಹರಡುತ್ತದೆ. ಅಚ್ಚ ಕಪ್ಪು ಬೇಡ, ಕಂದು ಸೇರಿಸಿ.

ಒಂದೊಂದೇ ಬದಿ ಹಚ್ಚಿ, ಒದ್ದೆಯಿರುವಾಗಲೇ ಒರೆಸಿ. ಕುಂಚವನ್ನು ಮೇಲಿನಿಂದ ಕೆಳಕ್ಕೇ ಎಳೆಯಿರಿ, ಮಳೆನೀರು ಇಳಿಯುವುದು ಹಾಗೆ. ರಿವೆಟ್‌ಗಳ ಸುತ್ತ, ಬಾಗಿಲ ಸಂದಿಯಲ್ಲಿ ಕೊಳೆ ಉಳಿದರೆ ಸಾಕು. ಬ್ರೇಕಿನ ಪುಡಿ ಕೂರುವ ಕೆಳಭಾಗಕ್ಕೆ ತುಕ್ಕುಗಂದು ಹೊಂದುತ್ತದೆ. ಚಕ್ರ ಹಳಿ ಮುಟ್ಟುವ ಅಂಚಿಗೆ ಮಾತ್ರ ಏನೂ ತಾಗಿಸಬೇಡಿ. ಇಡೀ ಗಾಡಿಗೆ ಒಂದೇ ಹದದ ಕೊಳೆ ಬಳಿಯುವುದು ನನಗಂತೂ ಹಿಡಿಸುವುದಿಲ್ಲ. ಒಂದೆರಡು ವ್ಯಾಗನ್ ಹೊಸದರಂತೆಯೇ ಇರಲಿ.