ಬಿಸಿಯೂಟವೋ, ಮನೆಗೆ ಧಾನ್ಯವೋ?

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಬಿಸಿಯೂಟದ ಗೊಡವೆಯಲ್ಲಿ ಪಾಠದ ಹೊತ್ತು ಹಾಳಾಗುತ್ತದೆ, ಅದರ ಬದಲು ತಿಂಗಳಿಗೊಮ್ಮೆ ಮನೆಗೇ ಧಾನ್ಯ ಕೊಡಲಿ ಎಂದು ಸಭೆಯಲ್ಲಿ ಕೆಲವರು ವಾದಿಸಿದರು. ಇದು ಸರಿಯೇ? ಈ ಊಟದಿಂದ ಹಾಜರಾತಿ, ಪೌಷ್ಟಿಕತೆ ಎರಡೂ ಸುಧಾರಿಸುತ್ತವೆಯೇ?

ಉತ್ತರ: ಈ ಸಲಹೆ ಹೊಸದಲ್ಲ, ದೇಶ ಅದನ್ನು ಒಮ್ಮೆ ಮಾಡಿ ನೋಡಿದೆ. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಆರಂಭವಾದಾಗ, ಮೊದಲೇ ಊಟ ಬಡಿಸುತ್ತಿದ್ದ ತಮಿಳುನಾಡಿನಂಥ ಕೆಲವನ್ನು ಬಿಟ್ಟರೆ ಹೆಚ್ಚಿನ ರಾಜ್ಯಗಳು ಶೇ 80ರಷ್ಟು ಹಾಜರಾತಿಯಿದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಹಂಚುತ್ತಿದ್ದವು. ಮನೆ ಸೇರಿದ ಧಾನ್ಯ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ; ಆದರೆ ಆ ಮಗುವಿನ ಪಾಲಿಗೆ ಎಷ್ಟು ಬಂತೆಂದು ಹೇಳುವವರಿಲ್ಲ. ಹಾಜರಾತಿಯ ಷರತ್ತಂತೂ ಶಿಕ್ಷಕರನ್ನು ಇಕ್ಕಟ್ಟಿಗೆ ಸಿಕ್ಕಿಸುವಂಥದ್ದು: ಗೈರು ಎಂದು ಬರೆದರೆ ಬಡವರ ಮನೆಯ ಕಾಳನ್ನು ತಾವೇ ಕಿತ್ತುಕೊಂಡಂತೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು.

ಬೇಯಿಸಿದ ಊಟ ಅಂದಂದೇ, ಬಂದ ಮಗುವಿಗೇ ಸಿಗುತ್ತದೆ. ಹಾಗಾಗಿ ಅದು ಹೆಸರು ದಾಖಲಿಸಲು ಮಾತ್ರವಲ್ಲ, ದಿನವೂ ಬರಲು ಕಾರಣವಾಗುತ್ತದೆ. ಊಟಕ್ಕೆಂದು ಮನೆಗೆ ಹೋದವರು ಮರಳಿ ಬಾರದೆ ಮಧ್ಯಾಹ್ನದ ತರಗತಿ ಬಣಗುಟ್ಟುವುದೂ ತಪ್ಪುತ್ತದೆ. ಬೆಳಿಗ್ಗೆ ಏನನ್ನೂ ತಿನ್ನದೆ ಬಂದವರಿಗೆ ಪಾಠದತ್ತ ಗಮನ ಕೊಡುವಷ್ಟು ಚೈತನ್ಯ ಸಿಗುತ್ತದೆ. ಆದರೆ ಶಿಕ್ಷಕರಿಲ್ಲದ ಶಾಲೆಯನ್ನು ಊಟವೊಂದೇ ಉಳಿಸಲಾರದು.

ಪೌಷ್ಟಿಕತೆಯ ವಿಷಯದಲ್ಲಿ ನಾನು ಅಷ್ಟು ಧೈರ್ಯವಾಗಿ ಮಾತನಾಡಲಾರೆ. ಕುಂಠಿತ ಬೆಳವಣಿಗೆಯ ಬೇರು ಬಹುಪಾಲು ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷಗಳಲ್ಲೇ ಇರುವುದರಿಂದ, ಆರನೆಯ ವಯಸ್ಸಿನಲ್ಲಿ ದೊರೆಯುವ ಊಟ ಅದನ್ನು ಪೂರ್ತಿ ಸರಿಪಡಿಸದು. ನಿಯಮದ ಪ್ರಕಾರ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್ ಸಿಗಬೇಕು; ಅದಕ್ಕಾಗಿ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ ನಿಗದಿಯಾಗಿದೆ. ಧಾನ್ಯದ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ, ಸೋರುವುದು ಬೇಳೆ ಮತ್ತು ತರಕಾರಿಯಲ್ಲಿ. ಸಾರು ನೀರಾದರೆ ಹೊಟ್ಟೆ ತುಂಬೀತು, ಪ್ರೋಟೀನ್ ಮಾತ್ರ ಸಿಗದು.

ಪಾಠದ ಹೊತ್ತಿನ ದೂರು ನಿಜವಾಗಿದ್ದರೆ, ಅಡುಗೆಯವರು ಮಾಡಬೇಕಾದ ಕೆಲಸ ಶಿಕ್ಷಕರ ಮೇಲೆ ಏಕೆ ಬೀಳುತ್ತಿದೆ ಎಂದು ಸಭೆಯಲ್ಲಿ ಕೇಳಿ. ಒಂದು ದಿನ ಒಲೆ ಹಚ್ಚುವ ಮುನ್ನವೇ ಹೋಗಿ ಬೇಳೆಯನ್ನು ತೂಗಿಸಿ: ನೂರು ಮಕ್ಕಳು ಉಣ್ಣುವ ದಿನ ಅದು 2 ಕಿಲೋ ಇರಬೇಕು.